ಅಳಿವೆಯ ಕಾಲಮಾನ: ಮಳೆ, ಅಣೆಕಟ್ಟೆಯ ನೀರು ಮತ್ತು ಸಸ್ಯಪ್ಲವಕಗಳು
(ಶರಾವತಿ–ಅಘನಾಶಿನಿ ಅಳಿವೆಗಳನ್ನು ಅನುಲಕ್ಷಿಸಿ)

ಉತ್ತರ ಕನ್ನಡ ಜಿಲ್ಲೆಯಲ್ಲಿ ಶರಾವತಿ ಮತ್ತು ಅಘನಾಶಿನಿ ನದಿಗಳು ಕಡಲನ್ನು ಸೇರುವ ಎಡೆಗಳ ನಡುವಣ ನೇರ ಅಂತರ ಮೂವತ್ತು ಕಿಲೋಮೀಟರಿಗಿಂತ ಕಡಿಮೆ. ಎರಡೂ ಸಹ್ಯಾದ್ರಿಯಲ್ಲಿ ಹುಟ್ಟಿ ಘಟ್ಟವನ್ನು ಧುಮುಕಿ ಪಶ್ಚಿಮಾಭಿಮುಖವಾಗಿ ಹರಿಯುವ ನದಿಗಳು. ಎರಡಕ್ಕೂ ನೀರುಣಿಸುವುದು ಒಂದೇ ಮುಂಗಾರು. ಅಂಬಿಗ, ಹರಿಕಂತ್ರ, ಖಾರ್ವಿ, ಹಾಲಕ್ಕಿ ಒಕ್ಕಲಿಗ ಮೊದಲಾದ ಸಮುದಾಯಗಳು ಈ ಎರಡು ನದಿಗಳ ಕೆಳದಂಡೆಗಳನ್ನು ಆಶ್ರಯಿಸಿ ಬದುಕು ಕಟ್ಟಿಕೊಂಡಿವೆ. ಒಂದು ನದಿ ರಾಮನ ಶರದಿಂದ ಹುಟ್ಟಿದ್ದೆಂದೂ ಮತ್ತೊಂದು ಪಾಪವನ್ನು ನಾಶಮಾಡುವಂಥದೆಂದೂ ಹೆಸರುಗಳೇ ಹೇಳುತ್ತವೆ. ಇಷ್ಟೆಲ್ಲ ಸಾಮ್ಯವಿರುವ ಈ ನದಿಗಳನ್ನು ಇಂದು ಬೇರ್ಪಡಿಸುವ ಸಂಗತಿ ಒಂದೇ. ಶರಾವತಿಗೆ ಅಣೆಕಟ್ಟೆಗಳಿವೆ, ಅಘನಾಶಿನಿಗೆ ದೊಡ್ಡ ಅಣೆಕಟ್ಟೆ ಒಂದೂ ಇಲ್ಲ. ಮಳೆಯ ನೀರು ಮತ್ತು ಅಣೆಕಟ್ಟೆಯಿಂದ ಬಿಟ್ಟ ನೀರು ಅಳಿವೆಯ ಜೀವಸರಪಳಿಯ ಮೊದಲ ಕೊಂಡಿಯ ಮೇಲೆ ಬೇರೆ ಬೇರೆ ಬಗೆಯ ಪರಿಣಾಮವನ್ನು ಉಂಟುಮಾಡುತ್ತವೆ ಎಂಬುದನ್ನು ತಿಳಿಯಲು ಈ ಜೋಡಿಗಿಂತ ಉತ್ತಮ ನಿದರ್ಶನ ಕರ್ನಾಟಕದಲ್ಲಿ ಇರಲಾರದು.

ಆ ಮೊದಲ ಕೊಂಡಿಯೇ ಸಸ್ಯಪ್ಲವಕ. ನೀರಿನಲ್ಲಿ ತೇಲುತ್ತ, ಸೂರ್ಯನ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿಗಳ ಸಮುದಾಯಕ್ಕೆ ಈ ಹೆಸರು. ಗಾಜಿನಂಥ ಸಿಲಿಕಾ ಕವಚವನ್ನು ಹೊತ್ತ ಡಯಾಟಂಗಳು, ಎರಡು ಎಳೆಗಳನ್ನು ಆಡಿಸುತ್ತ ಚಲಿಸುವ ಡೈನೊಫ್ಲಾಜೆಲ್ಲೇಟುಗಳು, ಹಸಿರು ಪಾಚಿಗಳು, ನೀಲಿ-ಹಸಿರು ಪಾಚಿಗಳು ಇವುಗಳಲ್ಲಿ ಮುಖ್ಯವಾದವು. ಬರಿಗಣ್ಣಿಗೆ ಒಂದೊಂದಾಗಿ ಕಾಣದಿದ್ದರೂ ಭೂಮಿಯ ಮೇಲೆ ದ್ಯುತಿಸಂಶ್ಲೇಷಣೆಯಿಂದ ಆಗುವ ಒಟ್ಟು ಉತ್ಪಾದನೆಯಲ್ಲಿ ಅರ್ಧದಷ್ಟು ಇವುಗಳ ಪಾಲು. ಕರಾವಳಿಯ ಆಡುನುಡಿಯಲ್ಲಿ ಇವುಗಳಿಗೆ ಪ್ರತ್ಯೇಕ ಹೆಸರನ್ನು ಹುಡುಕುವುದು ವ್ಯರ್ಥ. ಜನಪದರು ನೋಡುವುದು ಜೀವಿಯನ್ನಲ್ಲ, ನೀರನ್ನು. ನೀರಿನ ಬಣ್ಣ, ರುಚಿ, ವಾಸನೆ, ಕೈಗೆ ಹತ್ತುವ ಜಿಗುಟು ಇವುಗಳಿಂದ ಮೀನಿನ ಬರವನ್ನು ಊಹಿಸುವ ಬಲೆಗಾರನು ಪ್ರಯೋಗಶಾಲೆಯಲ್ಲಿ ಪತ್ರಹರಿತ್ತು, ಲವಣಾಂಶ, ಕಲಕು ಎಂದು ಅಳೆಯುವ ಗುಣಗಳನ್ನೇ ಒಟ್ಟಾಗಿ ಗ್ರಹಿಸುತ್ತಿರುತ್ತಾನೆ. ರಾತ್ರಿಯ ವೇಳೆ ಅಲೆಗಳು ನೀಲಿಯಾಗಿ ಹೊಳೆಯುವುದನ್ನು ಕಡಲ ಮಕ್ಕಳು ಬಲ್ಲರು. 2020ರ ನವೆಂಬರಿನಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಜನ ಅದನ್ನು ನೋಡಲು ದಂಡೆಗೆ ಬಂದಿದ್ದರು. ಆ ಹೊಳಪಿಗೆ ಕಾರಣವಾದ ನಾಕ್ಟಿಲೂಕ ತಾನು ಆಹಾರ ತಯಾರಿಸದೆ ಡಯಾಟಂ ಮೊದಲಾದವನ್ನು ನುಂಗಿ ಬದುಕುವ ಪ್ಲವಕ. ಆದ್ದರಿಂದ ಅದನ್ನು ಸಸ್ಯಪ್ಲವಕವೆನ್ನುವುದಕ್ಕಿಂತ ಸಸ್ಯಪ್ಲವಕದ ಸಮೃದ್ಧಿಗೆ ಸಾಕ್ಷಿಯೆನ್ನುವುದು ಸರಿ.

ಸಸ್ಯಪ್ಲವಕದ ಬೆಳವಣಿಗೆಗೆ ಬೇಕಾದದ್ದು ಬೆಳಕು, ಪೋಷಕಾಂಶ ಮತ್ತು ನಿಲ್ಲಲು ಒಂದಿಷ್ಟು ಸಮಯ. ಮೊದಲಿನ ಎರಡನ್ನು ಎಲ್ಲರೂ ಹೇಳುತ್ತಾರೆ; ಅಳಿವೆಯಲ್ಲಿ ನಿರ್ಣಾಯಕವಾಗುವುದು ಹೆಚ್ಚಾಗಿ ಮೂರನೆಯದು. ಅನುಕೂಲ ಪರಿಸ್ಥಿತಿಯಲ್ಲಿ ಡಯಾಟಂ ದಿನಕ್ಕೆ ಒಂದೆರಡು ಬಾರಿ ಇಬ್ಭಾಗವಾಗಿ ದ್ವಿಗುಣಗೊಳ್ಳುತ್ತದೆ. ಅಳಿವೆಯ ನೀರು ಒಂದು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಕಡಲಿಗೆ ಹರಿದುಹೋಗುವುದಾದರೆ, ಹುಟ್ಟಿದ ಮರಿ ಹುಟ್ಟಿದಲ್ಲಿ ಉಳಿಯುವುದಿಲ್ಲ. ಎಷ್ಟೇ ಫಲವತ್ತಾದ ನೀರಾದರೂ ಅದು ಹೊಳೆಯ ಪಾಲಿಗೆ ದಕ್ಕದೆ ಕಡಲಿನ ಪಾಲಾಗುತ್ತದೆ. ಬಿತ್ತಿದ ಗದ್ದೆಯ ಒಡ್ಡು ದಿನವೂ ಒಡೆದರೆ ಬೀಜ ನಿಲ್ಲದು ಎಂಬ ರೈತನ ಅನುಭವ ಇಲ್ಲಿಗೂ ಸಲ್ಲುತ್ತದೆ.

ಈಗ ಮಳೆಯ ಕ್ರಮವನ್ನು ನೋಡಬಹುದು. ಕರಾವಳಿಯ ಜನಪದರು ಮಳೆಗಾಲವನ್ನು ಜೂನ್, ಜುಲೈ ಎಂದು ಎಣಿಸಿದವರಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳನ್ನು ಒಂದೊಂದು ಮಳೆಯೆಂದು ಹೆಸರಿಸಿ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಎಣಿಸುತ್ತ ಬಂದಿದ್ದಾರೆ. ಮಳೆಯಿಂದ ಅಳಿವೆಯಲ್ಲಾಗುವ ಮಾರ್ಪಾಡನ್ನು ವಿವರಿಸಲು ಈ ಪಟ್ಟಿಯು ತಿಂಗಳ ಪಟ್ಟಿಗಿಂತ ಹೆಚ್ಚು ಹೊಂದಿಕೆಯಾಗುತ್ತದೆ. ಸಸ್ಯಪ್ಲವಕದ ಏರಿಳಿತವೂ ವಾರ, ಹದಿನೈದು ದಿನಗಳ ಅಳತೆಯದೇ ಹೊರತು ತಿಂಗಳಿನದಲ್ಲ.

ಮೃಗಶಿರದಲ್ಲಿ ಹೊಸನೀರು ಇಳಿಯುತ್ತದೆ. ಕಾಡಿನ ತರಗೆಲೆಯ ಕಷಾಯ, ಗದ್ದೆಯ ಮಣ್ಣು, ಗೊಬ್ಬರದ ಸತ್ವ ಎಲ್ಲವನ್ನೂ ಹೊತ್ತ ಕೆಂಪುನೀರು ಅಳಿವೆಗೆ ಬರುತ್ತದೆ. ಪೋಷಕಾಂಶ ಹೇರಳವಾಗಿದ್ದರೂ ಕಲಕಿನಿಂದಾಗಿ ಬೆಳಕು ಒಳಗಿಳಿಯದು. ಆರಿದ್ರಾದಿಂದ ಪುಷ್ಯದವರೆಗಿನ ಜಡಿಮಳೆಯಲ್ಲಿ ಹೊಳೆಯ ಒತ್ತಡಕ್ಕೆ ಉಪ್ಪುನೀರು ಬಾಯಿಯವರೆಗೆ ಹಿಂದೆ ಸರಿಯುತ್ತದೆ, ಇಲ್ಲವೇ ತಳದಲ್ಲಿ ತೆಳುವಾದ ಬೆಣೆಯಂತೆ ಉಳಿಯುತ್ತದೆ. ಕಡಲಿನ ಡಯಾಟಂಗಳು ಅದರೊಂದಿಗೆ ಹೊರಹೋಗಿ ಸಿಹಿನೀರಿನ ಜಾತಿಗಳು ಮೇಲಿನಿಂದ ತೇಲಿಬರುತ್ತವೆ. ಮಳೆಗಾಲದ ನಟ್ಟನಡುವೆ ಅಳಿವೆಯ ನೀರು ಹಸಿರಿನ ದೃಷ್ಟಿಯಿಂದ ಬಡವಾಗಿರುವುದು ಇದರಿಂದಲೇ. ಆದರೆ ಇದೇ ಹೊತ್ತಿನಲ್ಲಿ ಹೊರಗಡಲು ಸಮೃದ್ಧವಾಗಿರುತ್ತದೆ. ಪಶ್ಚಿಮ ಕರಾವಳಿಯುದ್ದಕ್ಕೂ ಮುಂಗಾರಿನಲ್ಲಿ ತಳದ ತಂಪು ನೀರು ಮೇಲೇಳುತ್ತದೆ. ನದಿಗಳು ತಂದು ಸುರಿದ ಸತ್ವವೂ ಅದಕ್ಕೆ ಕೂಡುತ್ತದೆ. ಅಲ್ಲಿ ಹುಲುಸಾಗಿ ಬೆಳೆಯುವ ಡಯಾಟಂಗಳನ್ನು ತಾರ್ಲೆ ಮೀನು ಹಿಂಡುಹಿಂಡಾಗಿ ಮೇಯುತ್ತದೆ. ಫ್ರಾಜಿಲೇರಿಯ ಓಶಿಯಾನಿಕ ಎಂಬ ಡಯಾಟಂ ಹೆಚ್ಚಾದಲ್ಲಿ ತಾರ್ಲೆಯೂ ಹೆಚ್ಚೆಂದು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1955ರಷ್ಟು ಹಿಂದೆಯೇ ತೋರಿಸಿದ್ದರು. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿ ಇಳಿಸುವ ಆಚರಣೆಯು ಗಾಳಿಯ ಅಬ್ಬರ ತಗ್ಗುವ, ಕಡಲು ಮೇವಿನಿಂದ ತುಂಬಿರುವ ಹೊತ್ತಿಗೇ ಬರುತ್ತದೆ ಎಂಬುದು ಗಮನಾರ್ಹ.

ಮಳೆಯು ಎಡೆಬಿಡದೆ ಸುರಿಯುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ವಿಷಯ. ನಡುನಡುವೆ ಮಳೆ ಹೊಳವಾಗುತ್ತದೆ. ನಾಲ್ಕಾರು ದಿನ ಬಿಸಿಲು ಬಿದ್ದು, ಹರಿವು ತಗ್ಗಿ, ಮಣ್ಣು ತಳಕ್ಕಿಳಿದರೆ ನೀರಿನಲ್ಲಿ ಪೋಷಕಾಂಶ ಹಾಗೆಯೇ ಉಳಿದಿರುತ್ತದೆ, ಬೆಳಕೂ ದೊರೆಯುತ್ತದೆ, ನಿಲ್ಲಲು ಸಮಯವೂ ದೊರೆಯುತ್ತದೆ. ಗೋವೆಯ ಮಾಂಡೋವಿ, ಜುವಾರಿ ಅಳಿವೆಗಳಲ್ಲಿ ಅಲ್ಲಿನ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಅಧ್ಯಯನಕಾರರು ಇಂಥ ಬಿಡುವುಗಳಲ್ಲಿ ಸಸ್ಯಪ್ಲವಕ ಹಠಾತ್ತನೆ ಹೆಚ್ಚುವುದನ್ನು, ಸ್ಕೆಲಿಟೊನೀಮ ಎಂಬ ಸರಪಳಿಯಾಕಾರದ ಡಯಾಟಂ ಆಗ ಮೇಲುಗೈ ಪಡೆಯುವುದನ್ನು ದಾಖಲಿಸಿದ್ದಾರೆ. ಅಂದರೆ ಮಳೆಯ ಮೊತ್ತದಷ್ಟೇ ಮುಖ್ಯ ಮಳೆಯ ಲಯ. ಮಳೆಮಾಪಕದ ವಾರ್ಷಿಕ ಅಂಕಿಯೊಂದರಿಂದ ಅಳಿವೆಯ ಸ್ಥಿತಿಯನ್ನು ಹೇಳಹೊರಟವರು ಈ ಹೊಳವನ್ನು ಮರೆಯುತ್ತಾರೆ.

ಹಸ್ತ, ಚಿತ್ತೆಗಳಲ್ಲಿ ಮಳೆ ಹಿಂದೆಗೆಯುತ್ತದೆ. ಭರತದೊಂದಿಗೆ ಉಪ್ಪು ಮೆಲ್ಲಮೆಲ್ಲನೆ ಒಳಸರಿಯುತ್ತದೆ. ನೀರು ತಿಳಿಯಾಗಿರುತ್ತದೆ, ಆದರೆ ಸತ್ವಹೀನವಾಗಿರುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ಕೂಡುವ ಸ್ವಾತಿಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತದೆಂಬ ನಂಬಿಕೆ ಭಾರತದಾದ್ಯಂತ ಇದೆ. ಮುತ್ತಿನ ಉತ್ಪತ್ತಿಗೂ ಮಳೆಹನಿಗೂ ಸಂಬಂಧವಿಲ್ಲವೆಂಬುದು ನಿಜ. ಆದರೂ ಮಳೆಗಾಲದ ಸಿಹಿನೀರು ಹಿಂದೆ ಸರಿದು, ಉಪ್ಪು ಮರಳಿ, ಚಿಪ್ಪುಜೀವಿಗಳಿಗೆ ಮೇವು ದೊರೆಯತೊಡಗುವ ಕಾಲಕ್ಕೇ ಆ ಕಥೆಯು ಮಳೆಯನ್ನೂ ಚಿಪ್ಪನ್ನೂ ಗಂಟುಹಾಕಿರುವುದನ್ನು ಕೇವಲ ಕವಿಸಮಯವೆಂದು ತಳ್ಳಿಹಾಕುವುದು ಆತುರದ ಮಾತಾದೀತು. ಮುಂದೆ ಬೇಸಗೆಯಲ್ಲಿ ಹೊಳೆಯ ಹರಿವು ಸಣ್ಣದಾಗಿ ಅಳಿವೆಯ ಕೆಳಭಾಗವು ಬಹುಮಟ್ಟಿಗೆ ಕಡಲಿನಷ್ಟೇ, ಎಂದರೆ ಲೀಟರಿಗೆ ಸುಮಾರು 35 ಗ್ರಾಂವರೆಗೆ ಉಪ್ಪಾಗುತ್ತದೆ. ಆಗ ಪೋಷಕಾಂಶ ದೊರೆಯುವುದು ಹೆಚ್ಚಾಗಿ ಕಾಂಡ್ಲ ಗಿಡಗಳ ಕೊಳೆತ ಎಲೆಯಿಂದ ಮತ್ತು ಕೆಸರಿನಿಂದ. ಪ್ಲವಕದ ಜಾತಿಗಳೂ ಕಡಲಿನವೇ.

ಅಘನಾಶಿನಿಯ ದಂಡೆಯ ಗಜನಿ ಬೇಸಾಯವು ಈ ಕಾಲಚಕ್ರವನ್ನು ಬಳಸಿಕೊಂಡು ರೂಪುಗೊಂಡದ್ದು. ಭರತದ ನೀರು ನುಗ್ಗುವ ತಗ್ಗುಭೂಮಿಯೇ ಗಜನಿ. ಮುಂಗಾರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಉಪ್ಪು ಮತ್ತು ನೆರೆ ಎರಡನ್ನೂ ತಾಳಬಲ್ಲ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಬಳಿಕ ತೂಬಿನ ಹಲಗೆ ಎತ್ತಿ ಉಪ್ಪುನೀರನ್ನು ಒಳಬಿಡುತ್ತಾರೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ನೀರಿಗೆ ಸತ್ವ ಕೂಡುತ್ತದೆ, ಸತ್ವದಿಂದ ಪ್ಲವಕ, ಪ್ಲವಕದಿಂದ ಸಿಗಡಿ ಮತ್ತು ಮೀನು. ರೈತನು ಹಲಗೆಯೆತ್ತುವ ಹೊತ್ತು ಮತ್ತು ಅಳಿವೆಯಲ್ಲಿ ಕಡಲಿನ ಡಯಾಟಂಗಳು ಮರಳುವ ಹೊತ್ತು ಎರಡೂ ಒಂದೇ. ಇದನ್ನು ಜನಪದ ಜ್ಞಾನವೆಂದು ಹೊಗಳಿ ಬಿಡುವುದಕ್ಕಿಂತ, ಒಂದು ನಿರ್ದಿಷ್ಟ ಜಲವ್ಯವಸ್ಥೆಯ ನಿಖರ ಓದು ಎಂದು ಗುರುತಿಸುವುದು ಉಚಿತ.

ಚಿಪ್ಪುಜೀವಿಗಳ ಸಂಗತಿ ಇನ್ನೂ ಸ್ಪಷ್ಟ. ಬಳಚು, ತಿಸರೆ, ಕಲ್ವ ಮೊದಲಾದವು ನೀರನ್ನು ಸೋಸಿ, ಅದರಲ್ಲಿನ ಪ್ಲವಕ ಮತ್ತು ಸಾವಯವ ಕಣಗಳನ್ನು ತಿಂದು ಬದುಕುತ್ತವೆ. ಇಳಿತದ ವೇಳೆ ಅಘನಾಶಿನಿಯ ಕೆಸರುದಿಬ್ಬಗಳ ಮೇಲೆ ಬಳಚು ಹೆಕ್ಕುವವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು 2000ದ ದಶಕದ ಕೊನೆಯಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಇಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ದೊರೆಯುತ್ತಿದ್ದವು; ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ದುಡಿಮೆ ಕಂಡುಕೊಂಡಿದ್ದರು. ಹೊಲವಿಲ್ಲದ, ದೋಣಿಯಿಲ್ಲದ ಮನೆಗೂ ಬುಟ್ಟಿಯೊಂದಿದ್ದರೆ ಊಟ ಹುಟ್ಟುವ ಜಾಗವಿದು.

ಶರಾವತಿಯ ಕಥೆ ಬೇರೆ. ಜೋಗದ ಮೊದಲ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅಲ್ಲಿಂದ ಹೊರಬಿದ್ದ ನೀರನ್ನು ಕೆಳಗೆ ಗೇರುಸೊಪ್ಪೆಯಲ್ಲಿ ತಡೆದು ಇನ್ನೂ 240 ಮೆಗಾವ್ಯಾಟ್ ಪಡೆಯುವ ವ್ಯವಸ್ಥೆ ಈ ಶತಮಾನದ ಆರಂಭದಲ್ಲಿ ಬಂತು. ಮುಳುಗಡೆಯ ದುಃಖವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಬರೆಯಲಾಗಿದೆ. ಅಣೆಕಟ್ಟೆಯ ಮೇಲಣ ಊರುಗಳ ಮಾತು ಅದು. ಕೆಳಗಣ ಅಳಿವೆಯ ಮಾತು ಅಷ್ಟಾಗಿ ಕೇಳಿಬಂದಿಲ್ಲ.

ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟೆಯ ಸ್ವಭಾವವನ್ನು ಇಲ್ಲಿ ಗ್ರಹಿಸಬೇಕು. ಅದು ಮಳೆಗಾಲದ ನೀರನ್ನು ಕೂಡಿಟ್ಟು ವರ್ಷವಿಡೀ ಬಿಡುತ್ತದೆ. ನೀರು ಯಂತ್ರವನ್ನು ತಿರುಗಿಸಿ ಮತ್ತೆ ಹೊಳೆಗೇ ಬರುವುದರಿಂದ ನದಿಯ ವಾರ್ಷಿಕ ಮೊತ್ತದಲ್ಲಿ ದೊಡ್ಡ ನಷ್ಟವೇನೂ ಕಾಣದು. ಬದಲಾಗುವುದು ಹಂಚಿಕೆ. ಮಳೆಗಾಲದ ನೆರೆ ತಗ್ಗುತ್ತದೆ. ಫಾಲ್ಗುಣ, ಚೈತ್ರಗಳಲ್ಲಿ ಸಣ್ಣ ಎಳೆಯಾಗಿ ಹರಿಯಬೇಕಾಗಿದ್ದ ಹೊಳೆಗೆ ಎಡೆಬಿಡದೆ ಸಿಹಿನೀರು ಬರುತ್ತದೆ. ಒಟ್ಟಿನಲ್ಲಿ ಅಳಿವೆಯ ಬೇಸಗೆಯೇ ಇಲ್ಲವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ಕೇಂದ್ರದ ಅಧ್ಯಯನಗಳು ಶರಾವತಿ ಅಳಿವೆಯ ಲವಣಾಂಶವು ಈ ನಿರಂತರ ಬಿಡುಗಡೆಯಿಂದ ಕುಸಿದಿರುವುದನ್ನೂ, ಅಘನಾಶಿನಿಯಲ್ಲಿ ಹೇರಳವಾಗಿರುವ ತಿನ್ನಬಹುದಾದ ಚಿಪ್ಪುಜೀವಿಗಳು ಇಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವುದನ್ನೂ ಗುರುತಿಸಿವೆ.

ಇಲ್ಲಿ ಕಾರಣಗಳನ್ನು ಬೆರೆಸಬಾರದು. ಚಿಪ್ಪುಜೀವಿಗಳ ಅಳಿವಿಗೆ ಮೇವಿನ ಕೊರತೆಯೊಂದೇ ಕಾರಣವಲ್ಲ. ಉಪ್ಪಿಗೆ ಹೊಂದಿಕೊಂಡ ಅವುಗಳ ದೇಹವೇ ದೀರ್ಘಕಾಲದ ಸಿಹಿನೀರನ್ನು ತಾಳಲಾರದು. ಪ್ಲವಕದಲ್ಲಿ ಆಗುವುದು ಹೆಚ್ಚಾಗಿ ಜಾತಿಗಳ ಪಲ್ಲಟ. ಉಪ್ಪುನೀರಿನ ಡಯಾಟಂಗಳಿಗೆ ಮರಳಿಬರುವ ಋತುವೇ ಇಲ್ಲವಾದಾಗ ಸಿಹಿನೀರಿನ ಜಾತಿಗಳು, ಹಸಿರು ಪಾಚಿಗಳು ಅಲ್ಲಿ ನೆಲೆಸುತ್ತವೆ. ಒಟ್ಟು ಹಸಿರು ಹೆಚ್ಚೂಕಡಿಮೆ ಅಷ್ಟೇ ಇದ್ದರೂ ಇರಬಹುದು. ಆದರೆ ಅದನ್ನು ಮೇಯುವವರು ಬೇರೆ, ಆ ಮೇಯುವವರನ್ನು ನೆಚ್ಚಿದ ಮನೆಗಳು ಬೇರೆ. ಪತ್ರಹರಿತ್ತಿನ ಪ್ರಮಾಣವೊಂದನ್ನೇ ಅಳೆದು ಅಳಿವೆ ಆರೋಗ್ಯವಾಗಿದೆಯೆಂದು ಸಾರುವ ವರದಿಯನ್ನು ಈ ಕಾರಣದಿಂದ ಸಂಶಯದಿಂದಲೇ ನೋಡಬೇಕಾಗುತ್ತದೆ.

ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಬೇಕು. ನಿಂತ ಜಲಾಶಯದಲ್ಲಿ ಮಣ್ಣು ತಳಕ್ಕಿಳಿಯುತ್ತದೆ. ಅಲ್ಲಿಯೇ ಬೆಳೆಯುವ ಡಯಾಟಂಗಳು ಸಿಲಿಕಾವನ್ನು ಹೀರಿ, ಸತ್ತು, ಅದನ್ನು ಕೆಸರಿನಲ್ಲಿ ಹೂಳುತ್ತವೆ. ಕೆಳಗಿಳಿಯುವ ನೀರು ತಿಳಿಯಾಗಿರುತ್ತದೆ, ಆದರೆ ಡಯಾಟಂಗೆ ಬೇಕಾದ ಸಿಲಿಕಾ ಅದರಲ್ಲಿ ಕಡಿಮೆಯಾಗಿರಬಹುದು. ಯುರೋಪಿನ ಡಾನ್ಯೂಬ್ ನದಿಯ ಅಣೆಕಟ್ಟೆಯಿಂದ ಕಪ್ಪುಸಮುದ್ರದ ಪ್ಲವಕ ಬದಲಾಯಿತೆಂಬ 1997ರ ಪ್ರಬಂಧವೊಂದು ಈ ವಿಚಾರವನ್ನು ಪ್ರಸಿದ್ಧಗೊಳಿಸಿತು. ಆ ಅಣೆಕಟ್ಟೆಯೊಂದರ ಪಾಲು ಅಷ್ಟು ದೊಡ್ಡದಲ್ಲವೆಂದು ಅನಂತರದ ಅಳತೆಗಳು ತೋರಿಸಿದವು. ತತ್ತ್ವ ಸರಿಯಿದ್ದರೂ ಪ್ರತಿ ನದಿಯ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡಬೇಕೆಂಬುದಕ್ಕೆ ಇದು ಎಚ್ಚರಿಕೆ. ಶರಾವತಿಯ ಮಟ್ಟಿಗೆ ಸಿಲಿಕಾಕ್ಕಿಂತ ಉಪ್ಪಿನ ಪ್ರಶ್ನೆಯೇ ದೊಡ್ಡದು.

ಎಲ್ಲ ಅಣೆಕಟ್ಟೆಗಳೂ ಒಂದೇ ಬಗೆಯ ಪರಿಣಾಮವನ್ನು ಬೀರುವುದಿಲ್ಲ. ನೀರಾವರಿಗಾಗಿ ಕಟ್ಟಿದ ಒಡ್ಡು ನೀರನ್ನು ಗದ್ದೆಗೆ ತಿರುಗಿಸುವುದರಿಂದ ಅಳಿವೆಗೆ ಬರುವ ನೀರೇ ನಿಲ್ಲುತ್ತದೆ. ಗೋದಾವರಿಯಲ್ಲಿ ಧವಳೇಶ್ವರದ ಒಡ್ಡಿನ ಕೆಳಗೆ ಬೇಸಗೆಯ ಹರಿವು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಮಳೆಗಾಲದ ನೆರೆಯಲ್ಲಿ ಬಡವಾಗಿದ್ದ ಪ್ಲವಕ, ಬಿಡುಗಡೆ ತಗ್ಗಿ ನೀರು ತಿಳಿಯಾಗುತ್ತಲೇ ಉಕ್ಕುವುದನ್ನು ವಿಶಾಖಪಟ್ಟಣದ ಸಮುದ್ರವಿಜ್ಞಾನಿಗಳು ಕಂಡಿದ್ದಾರೆ. ನೈಲ್ ನದಿಯ ಉದಾಹರಣೆ ಇನ್ನೂ ತೀವ್ರ. ಲಿಂಗನಮಕ್ಕಿ ಪೂರ್ಣಗೊಂಡ 1964ರಲ್ಲೇ ಈಜಿಪ್ಟಿನ ಆಸ್ವಾನ್ ಮಹಾ ಅಣೆಕಟ್ಟೆಯ ಹಿಂದೆ ನೀರು ತುಂಬತೊಡಗಿತು. ಪ್ರತಿ ಶರತ್ಕಾಲದಲ್ಲಿ ನೆರೆಯೊಂದಿಗೆ ಮೆಡಿಟರೇನಿಯನ್ ಅಂಚಿನಲ್ಲಿ ಅರಳುತ್ತಿದ್ದ ಡಯಾಟಂ ಸಮೃದ್ಧಿ ನಿಂತುಹೋಯಿತು. 1962ರಲ್ಲಿ ಸುಮಾರು 18 ಸಾವಿರ ಟನ್ ಇದ್ದ ಸಾರ್ಡಿನ್ ಮೀನಿನ ಫಸಲು ಆ ದಶಕದ ಕೊನೆಗೆ ಕೆಲವೇ ನೂರು ಟನ್ನಿಗೆ ಇಳಿಯಿತು. ಮುಂದೆ 1980ರ ದಶಕದಿಂದ ಅಲ್ಲಿ ಮೀನು ಚೇತರಿಸಿಕೊಂಡದ್ದು ಗೊಬ್ಬರ ಮತ್ತು ಪಟ್ಟಣಗಳ ಕೊಳೆನೀರಿನ ಸತ್ವದಿಂದ ಎಂಬುದು ಒಂದು ವಿಪರ್ಯಾಸ. ನೈಲ್‌ನಲ್ಲಿ ಅಳಿವೆಯು ತನ್ನ ಮಳೆಗಾಲವನ್ನು ಕಳೆದುಕೊಂಡಿತು, ಶರಾವತಿಯಲ್ಲಿ ಬೇಸಗೆಯನ್ನು.

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ಅಳಿವೆಯ ದುಡಿಮೆಗಾರರು ಎರಡು ಗಡಿಯಾರಗಳನ್ನು ಬಲ್ಲರು. ಒಂದು ಮಳೆ ನಕ್ಷತ್ರದ್ದು, ಇನ್ನೊಂದು ತಿಥಿಯದು. ಅಮಾವಾಸ್ಯೆ, ಹುಣ್ಣಿಮೆಗಳಿಗೆ ಭರತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ದಿನದಿಂದ ದಿನಕ್ಕೆ ಭರತ ಏರುವ ಹೊತ್ತು ಸುಮಾರು 50 ನಿಮಿಷ, ಎಂದರೆ ಹೆಚ್ಚುಕಡಿಮೆ ಎರಡು ಘಳಿಗೆ, ಮುಂದಕ್ಕೆ ಹೋಗುತ್ತದೆ. ತಿಥಿ ತಿಳಿದವರಿಗೆ ನೀರು ಯಾವಾಗ ಇಳಿಯುವುದೆಂದು ಪಂಚಾಂಗ ನೋಡದೆಯೂ ಗೊತ್ತು. ವಿದ್ಯುದಾಗಾರದಿಂದ ಬರುವ ನೀರಿಗಾದರೋ ತಿಥಿಯೂ ಇಲ್ಲ, ನಕ್ಷತ್ರವೂ ಇಲ್ಲ. ನಗರಗಳಲ್ಲಿ ದೀಪ ಹೊತ್ತುವ ಹೊತ್ತು, ಕಾರ್ಖಾನೆಗಳ ಬೇಡಿಕೆ, ಬೇಸಗೆಯ ಸೆಕೆ ಇವು ಅದರ ಗಡಿಯಾರ. ದಂಡೆಯಲ್ಲಿ ನಿಂತವರು ಅದನ್ನು ಓದಲಾರರು. 2019 ಮತ್ತು 2021ರ ಮಳೆಗಾಲಗಳಲ್ಲಿ ಪಕ್ಕದ ಕಾಳಿ ನದಿಯ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿದಾಗ ಜನರಿಗೆ ನೆರವಾಗಬಹುದಾಗಿದ್ದುದು ಅಧಿಕಾರಿಗಳ ಮುನ್ಸೂಚನೆಯೇ ಹೊರತು ಹಿರಿಯರ ಮಳೆಜ್ಞಾನವಲ್ಲ. ಬಳಚು ಹೋದಾಗ ಬಳಚನ್ನು ಹೆಕ್ಕುವ ಇಳಿತದ ಲೆಕ್ಕ, ಕೆಸರುದಿಬ್ಬಗಳ ಹೆಸರು, ನೀರಿನ ಉಪ್ಪನ್ನು ನಾಲಗೆಯಲ್ಲಿ ಅಳೆಯುವ ಪರಿಣತಿ ಇವೂ ಹೋಗುತ್ತವೆ. ಕನ್ನಡದ ಜಾನಪದ ಸಂಗ್ರಹಕಾರರು ಹಾಡು, ಕಥೆ, ಆಚರಣೆಗಳಿಗೆ ನೀಡಿದ ಗಮನದಲ್ಲಿ ಹತ್ತರಲ್ಲೊಂದು ಪಾಲನ್ನೂ ಈ ಬಗೆಯ ತಿಳಿವಿಗೆ ನೀಡಿಲ್ಲವೆಂಬುದು ಕಟುವಾದರೂ ಸತ್ಯ.

ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್‌ಸಾರ್ ತಾಣವೆಂದು ಮಾನ್ಯತೆ ಪಡೆಯಿತು. ಅದೇ ವೇಳೆಗೆ ಈ ನದಿಯ ನೀರನ್ನು ಪೂರ್ವದ ವೇದಾವತಿಗೆ ಒಯ್ಯುವ ಪ್ರಸ್ತಾವವೂ ಸುದ್ದಿಯಲ್ಲಿತ್ತು. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಅದು ನೀರನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುವ ಯೋಜನೆಯಾದ್ದರಿಂದ ಹೊಸ ನೀರು ಬೇಡವೆಂಬ ವಾದವಿದೆ. ಅರಣ್ಯದ ಪ್ರಶ್ನೆ ಅದರಲ್ಲಿ ಬಹಳವಾಗಿ ಚರ್ಚೆಯಾಗಿದೆ, ಆಗಬೇಕಾದದ್ದೇ. ಅಳಿವೆಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಗೇರುಸೊಪ್ಪೆಯಿಂದ ಕೆಳಕ್ಕೆ ಬಿಡುವ ನೀರಿನ ಹೊತ್ತು ಮತ್ತು ಪ್ರಮಾಣ ಯಾವ ರೀತಿ ಬದಲಾಗುತ್ತವೆ? ನದಿಗೆ ಇಂತಿಷ್ಟು ನೀರು ಬಿಡಲೇಬೇಕೆಂಬ ಪರಿಸರವಾದಿಗಳ ರೂಢಿಯ ಬೇಡಿಕೆಯೂ ಶರಾವತಿಯಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಅಳಿವೆಗೆ ಬೇಕಾದದ್ದು ಬೇಸಗೆಯಲ್ಲಿ ಕಡಿಮೆ ನೀರು, ಮಳೆಗಾಲದಲ್ಲಿ ಹೆಚ್ಚು. ವಿದ್ಯುತ್ತಿನ ಬೇಡಿಕೆ ಬೇಸಗೆಯಲ್ಲೇ ಏರುವುದರಿಂದ ಇದು ಸುಲಭದ ಮಾತಲ್ಲ. ಆದರೂ ಜನವರಿಯಿಂದ ಮೇವರೆಗೆ ಕೆಲವು ವಾರಗಳನ್ನಾದರೂ ಗೊತ್ತುಮಾಡಿ, ಅಮಾವಾಸ್ಯೆ–ಹುಣ್ಣಿಮೆಗಳ ದೊಡ್ಡ ಭರತಗಳ ಹೊತ್ತಿಗೆ ಬಿಡುಗಡೆಯನ್ನು ತಗ್ಗಿಸಿದರೆ ಉಪ್ಪು ಎಷ್ಟು ದೂರ ಒಳಬರುತ್ತದೆ, ಯಾವ ಪ್ಲವಕ ಮರಳುತ್ತದೆ ಎಂಬುದನ್ನು ಪ್ರಯೋಗದಿಂದ ನೋಡಲು ಅಡ್ಡಿಯಿಲ್ಲ.

ಅಂಥ ನೋಟಕ್ಕೆ ದುಬಾರಿ ಉಪಕರಣಗಳು ಮೊದಲಿಗೇ ಬೇಕೆಂದಿಲ್ಲ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ವಿಜ್ಞಾನಿ ಬಿಳಿಯ ತಟ್ಟೆಯೊಂದನ್ನು ಹಗ್ಗದಿಂದ ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದನು. ಇಂದಿಗೂ ಸಮುದ್ರವಿಜ್ಞಾನಿಗಳು ಅದನ್ನೇ ಬಳಸುತ್ತಾರೆ. ಎರಡೂ ನದಿಗಳ ದಂಡೆಯ ಶಾಲೆಗಳಲ್ಲಿ ಇಂಥ ತಟ್ಟೆಯೊಂದನ್ನೂ ನೀರಿನ ಮಾದರಿಗೆ ಶೀಸೆಯೊಂದನ್ನೂ ಇಟ್ಟು, ತಾರೀಖಿನೊಂದಿಗೆ ತಿಥಿ, ಮಳೆ ನಕ್ಷತ್ರ, ಭರತ-ಇಳಿತದ ಹೊತ್ತು, ನೀರಿನ ಬಣ್ಣಕ್ಕೆ ಊರವರು ಬಳಸುವ ಮಾತು, ಆ ದಿನ ಗೇರುಸೊಪ್ಪೆಯಿಂದ ನೀರು ಬಿಟ್ಟ ಗಂಟೆಗಳು ಇವಿಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಬಹುದು. ಅಘನಾಶಿನಿಯ ಪುಸ್ತಕದಲ್ಲಿ ಕೊನೆಯ ಅಂಕಣ ಖಾಲಿಯಾಗಿರುತ್ತದೆ.